ಹ್ಞೂಂಗುಟ್ಟುವವರು

ರೇಡಿಯೊದವರಿಗೆ ಕಳಿಸುವ ಕ್ಯಾಸೆಟ್ಟಿನಲ್ಲಿ ಯರ್ರೆಪ್ಪಜ್ಜನ ಕಥೆಹಾಡು ಬಿಟ್ಟು ಬೇರೆ ಸದ್ದಿರಬಾರದೆಂದು ಕೊಟ್ಟೂರಿನ ಓಬಳೇಶ ನಡುಮನೆಯ ಗೋಡೆಗಳಿಗೆಲ್ಲ ಕಂಬಳಿ ತೂಗುಹಾಕಿದ್ದ. ಬಳೆ ಸದ್ದಾಗುತ್ತದೆಂದು ಹೆಂಡತಿ ಹಂಪಮ್ಮನನ್ನೂ ಹೊರಗೆ ಕೂರಿಸಿದ್ದ. ಸಂತೆಯನ್ನೇ ನಿಲ್ಲಿಸಬಲ್ಲ ಅಜ್ಜ ಮೈಕಿನ ಮುಂದೆ ಪಂಚಾಯ್ತಿ ನೋಟೀಸು ಓದಿದಂತೆ ಹಾಡಿದ.

“ಯಾಕ ಯಜ್ಜಾ, ಧ್ವನಿ ಏಳವಲ್ದು?”

“ಹ್ಞೂಂ ಅನ್ನೋರಿಲ್ಲದ ಕಥಿ ಯಾರಿಗೆ ಹೇಳ್ಲೋ? ನಿನ್ನ ಕಂಬಳಿಗೇನು?”

“ನಾ ಅಂತೀನಿ, ಹಾಡ್ರಿ ಯಜ್ಜಾ,” ಬಾಗಿಲಾಚೆಯಿಂದ ಹಂಪಮ್ಮ ಎಂದಳು.

ಓಬಳೇಶ ಸೋತು ಅವಳನ್ನು ಒಳಗೆ ಕರೆದ. ಸಾಲಿಗೊಂದು ಹ್ಞೂಂ ಬಿದ್ದಂತೆಲ್ಲ ಅಜ್ಜನ ಧ್ವನಿ ಏರಿತು. ಕಥೆಯ ರಾಜಕುಮಾರ ಹೊಳೆಯಲ್ಲಿ ಮುಳುಗುವ ಹೊತ್ತಿಗೆ, “ಹ್ಞೂಂ, ಮುಂದ?” ಎಂದವನು ಓಬಳೇಶನೇ.

ಅದನ್ನು ಅವನು ಅಳಿಸಲಿಲ್ಲ. ಕ್ಯಾಸೆಟ್ಟಿನ ಮೇಲೆ ಬರೆದ: ‘ಹಾಡು ಯರ್ರೆಪ್ಪ, ಹ್ಞೂಂ ಹಂಪಮ್ಮ ಮತ್ತು ಓಬಳೇಶ.’