ಅಡುಗೆಯಕ್ಕನ ಮೂಗು

ಹಾಲು ಉಕ್ಕಿ ಒಲೆ ಆರಿದ್ದು ಅಡುಗೆಯಕ್ಕನಿಗೆ ಗೊತ್ತೇ ಆಗಲಿಲ್ಲ. ಬೆನ್ನು ತಿರುಗಿಸಿಕೊಂಡು ಅತಿಥಿಗಳ ಬೆಳಗಿನ ತಿಂಡಿಗೆ ಬ್ರೆಡ್ಡು ಕತ್ತರಿಸುತ್ತಿದ್ದಳು. ಹೊರಗೆ ಕೊರೆಯುವ ಚಳಿಯಿದ್ದುದರಿಂದ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದ್ದಳು. ಎಷ್ಟೋ ಹೊತ್ತಿನ ಮೇಲೆ ತಿರುಗಿ ನೋಡಿದರೆ ಒಲೆ ತಣ್ಣಗೆ ಕೂತಿತ್ತು. "ಹಾಳು ಒಲೆ" ಎಂದು ಬೈದು ಬೆಂಕಿಪೊಟ್ಟಣ ಕೈಗೆತ್ತಿಕೊಂಡಳು.

ಕಡ್ಡಿ ಗೀರಬೇಕು ಎನ್ನುವಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಪಾತ್ರೆ ತೊಳೆಯುವ ಉದ್ದಣ್ಣ ಬಾಗಿಲ ಮೇಲ್ಪಟ್ಟಿಗೆ ತಲೆ ಬಡಿಸಿಕೊಂಡೇ ಒಳಗೆ ನುಗ್ಗಿದ.

"ಅಕ್ಕಾ, ಗೀರ್ಬೇಡ!"

ಅವಳ ಕೈಗೆ ಅವನು ಹೊಡೆದ ಏಟಿಗೆ ಪೊಟ್ಟಣ ಮೂಲೆಗೆ ಹಾರಿತು. ಅವನು ಒಲೆಯ ಗುಂಡಿ ತಿರುಗಿಸಿದ, ಸಿಲಿಂಡರು ಮುಚ್ಚಿದ, ಒಂದೊಂದೇ ಕಿಟಕಿ ತೆರೆದ. "ಗ್ಯಾಸು ತುಂಬ್ಕೊಂಡಿದೆ, ಹೊರಗೆ ನಡಿ" ಎಂದ. ಅಡುಗೆಯಕ್ಕ ಉಸಿರೆಳೆದು ನೋಡಿದಳು. ಏನೂ ಇಲ್ಲ. ಬರೀ ತಣ್ಣನೆಯ ಗಾಳಿ. ಅವಳು ಅವನ ಹಿಂದೆಯೇ ಹೊರಗೆ ಬಂದಳು.

ಹಿಂದಿನ ಬೇಸಿಗೆಯಲ್ಲಿ ಬಂದ ಜ್ವರ ಹೋಗುವಾಗ ಅವಳ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಉಪ್ಪು ಗೊತ್ತಾಗುತ್ತಿತ್ತು, ಖಾರ ಗೊತ್ತಾಗುತ್ತಿತ್ತು, ಮಿಕ್ಕಿದ್ದೆಲ್ಲ ಸೊನ್ನೆ. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ವಾಸನೆ ತಿಳಿಯದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಅವಳೂ ಹಾಸಿಗೆ ಹಿಡಿದ ಅತ್ತೆಯೂ ಇದ್ದರು. ಕೆಲಸ ಹೋದರೆ ಆ ಕೋಣೆಯೂ ಹೋದಂತೆ. ಊರಿನಲ್ಲಿ ಬೇರೆ ಕೆಲಸವೂ ಇರಲಿಲ್ಲ. ಮೊಟ್ಟೆ ಕೊಡುವ ಮನೆ, ಹಾಸಿಗೆಬಟ್ಟೆ ಒಗೆಯುವ ಮನೆ, ಸೌದೆ ಸೀಳುವ ಮನೆ, ಎಲ್ಲವೂ ಬದುಕುತ್ತಿದ್ದದ್ದು ಎಂಟು ಕೋಣೆಗಳ ಈ ಹೋಟೆಲಿನ ಮೇಲೆಯೇ.

ಸ್ವಲ್ಪ ಹೊತ್ತಿಗೆಲ್ಲ ಅತಿಥಿಗಳು ಕಂಬಳಿ ಹೊದ್ದುಕೊಂಡು ಗೇಟಿನ ಬಳಿ ನಿಂತಿದ್ದರು; ಅಡುಗೆಯಕ್ಕನ ಅತ್ತೆಯನ್ನೂ ಮಂಚದ ಸಮೇತ ಅಲ್ಲಿಗೆ ಹೊತ್ತು ತಂದಿದ್ದರು. ಗೇಟು ಕಾಯುವ ತಾತ ಅವರಿಗೆ ಸಮಾಧಾನ ಹೇಳುತ್ತಿದ್ದ. ಅಂಗಳದ ಈಚೆ ಬದಿಯಲ್ಲಿ ಕೆಲಸದವರೆಲ್ಲ ಗೋಡೆಗೆ ಒರಗಿ ನಿಂತರು. ಹೋಟೆಲಿನ ಯಜಮಾನಿ ಬಂದಳು. ತಲೆ ಬಾಚಿರಲಿಲ್ಲ, ಕಾಲಿಗೆ ಚಪ್ಪಲಿಯಿರಲಿಲ್ಲ.

"ಒಲೆ ಮೇಲೆ ಹಾಲಿಟ್ಟೋರು ಯಾರು?"

ಆ ಪ್ರಶ್ನೆಯ ತೂಕ ಎಲ್ಲರಿಗೂ ಗೊತ್ತಿತ್ತು. ಒಂದು ಸಲ ಹಿಂದಿನ ಶೆಡ್ಡಿಗೆ ಬೆಂಕಿ ಬಿದ್ದು ಊರಿಗೆ ಊರೇ ಕೊಡ ಹಿಡಿದು ಓಡಿಬಂದಿತ್ತು. ಅವತ್ತಿನಿಂದ ಯಜಮಾನಿಯದು ಒಂದೇ ಮಾತು: ಬೆಂಕಿ ಹಚ್ಚಿ ಮರೆತವರು ಅವತ್ತೇ ಮನೆಗೆ. ಆ ಮಾತಿಗೆ ಕಟ್ಟುಬಿದ್ದು ಸ್ವಂತ ತಮ್ಮನನ್ನೇ ಕಳಿಸಿದ್ದಳು.

ಅಡುಗೆಯಕ್ಕ ಗೇಟಿನ ಬಳಿಯಿದ್ದ ಅತ್ತೆಯತ್ತ ನೋಡಿದಳು.

"ನಾನೇ ಅಮ್ಮಾವ್ರೇ" ಎಂದ ಉದ್ದಣ್ಣ. "ಹಾಲಿಟ್ಟು ಸೌದೆ ತರೋಕೆ ಹೋದೆ. ಮರೆತೇಬಿಟ್ಟೆ."

"ನೀನಾ?"

"ಹೌದು. ಅಕ್ಕಂಗೆ ಏನೂ ಗೊತ್ತಿಲ್ಲ."

ಯಜಮಾನಿ ಅವನನ್ನೇ ದಿಟ್ಟಿಸಿದಳು. ಅವನಿಗೆ ಮನೆಯಲ್ಲಿ ಬಸುರಿ ಹೆಂಡತಿ.

"ಹಾಗಾದ್ರೆ ನಿನ್ನ ಬಟ್ಟೆಬರೆ ಕಟ್ಕೋ" ಎಂದಳು ಯಜಮಾನಿ. ಹೇಳಿ ಮುಖ ಆಚೆ ತಿರುಗಿಸಿಕೊಂಡಳು.

ಅವನು ತಲೆಯಾಡಿಸಿ ಹೊರಟೇಬಿಟ್ಟ. ಬಾವಿಕಟ್ಟೆ ದಾಟುವವರೆಗೂ ಅಡುಗೆಯಕ್ಕ ಅವನ ಬೆನ್ನನ್ನೇ ನೋಡುತ್ತಿದ್ದಳು. ಸುಮ್ಮನಿದ್ದರೆ ಕೋಣೆ ಉಳಿಯುತ್ತದೆ, ಅತ್ತೆಗೆ ಸೂರು ಉಳಿಯುತ್ತದೆ. ಒಂದು ಗಳಿಗೆ ಅವಳು ಸುಮ್ಮನೇ ಇದ್ದಳು. ಆ ಒಂದು ಗಳಿಗೆಗಾಗಿ ಆಮೇಲೂ ಅವಳು ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

"ನಿಲ್ಲೋ ಉದ್ದಣ್ಣ!" ಎಂದು ಕೂಗಿದಳು. "ಸುಳ್ಳು ಹೇಳ್ತಿದಾನೆ ಅಮ್ಮಾವ್ರೇ. ಹಾಲಿಟ್ಟಿದ್ದು ನಾನು. ಗ್ಯಾಸು ಸೋರಿದ್ದು ನಂಗೆ ತಿಳೀಲಿಲ್ಲ. ನಂಗೆ ವಾಸ್ನೆನೇ ಬರಲ್ಲ. ಜ್ವರ ಬಂದಾಗ್ನಿಂದ."

ಯಾರಾದರೂ ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದಳು. ಯಾರೂ ಬೆಚ್ಚಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು.

"ನಿಮಗೆಲ್ಲ ಗೊತ್ತಿತ್ತಾ?"

ಕೋಣೆಗಳ ಹಾಸಿಗೆ ಬದಲಿಸುವ ಚಿಕ್ಕಮ್ಮ ಸೆರಗಿನ ತುದಿ ಹಿಂಡುತ್ತ ಬಾಯಿಬಿಟ್ಟಳು. ಆ ಹೋಟೆಲಿನಲ್ಲಿ ಅತಿಥಿಗಳಿಗಿಂತ ಮೊದಲು, ಅದೇ ಪಾತ್ರೆಯಿಂದ, ಉದ್ದ ಮೇಜಿಗೆ ಕೂತು ಕೆಲಸದವರು ಊಟ ಮಾಡುವುದು ರೂಢಿ. "ಮೊದ್ಲ ತುತ್ತಿಗೇ ಗೊತ್ತಾಗ್ತಿತ್ತು ಕಣೆ. ಒಂದಿನ ಸೀದಿರೋದು, ಒಂದಿನ ಹುಳಿ ಬಂದ ಬೆಣ್ಣೆ. ನೀನು ಅತ್ತೆಗೆ ಉಣ್ಸೋಕೆ ಹೋದಾಗ ನಾನೂ ಉದ್ದಣ್ಣನೂ ಸರಿ ಮಾಡ್ತಿದ್ವಿ. ಆಗ್ದೇ ಇದ್ರೆ ಚೆಲ್ಲಿ ಬೇರೆ ಮಾಡ್ತಿದ್ವಿ."

"ಚೆನ್ನಾಗಿದೆ ಅಂತ ಬಡಿಸ್ಕೊಂಡು ತಿಂತಿದ್ರಲ್ಲ!"

"ಮತ್ತೇನು ಮಾಡೋಣ? ನಿನ್ನ ಮುಖ ನೋಡಿದ್ರೆ ಬಾಯಿ ಬರ್ತಿರ್ಲಿಲ್ಲ."

ಯಜಮಾನಿಯ ಸಿಟ್ಟು ಈಗ ನೆತ್ತಿಗೇರಿತು. "ಅಡುಗೆ ಸರಿ ಮಾಡಿದ್ರಿ, ಗ್ಯಾಸಿನ ಯೋಚ್ನೆ ಒಬ್ರಿಗೂ ಬರ್ಲಿಲ್ವಾ? ನಿಮ್ಮ ಕರುಣೆಗಿಷ್ಟು ಬೆಂಕಿ ಹಾಕ! ಮೇಲೆ ಮಕ್ಕಳು ಮಲಗಿದ್ವು. ಗೊತ್ತಿದ್ದೂ ಬಾಯಿ ಮುಚ್ಕೊಂಡೋರೆಲ್ಲ ಗಂಟುಮೂಟೆ ಕಟ್ಟಿ!"

"ಕಟ್ತೀವಿ ಅಮ್ಮಾವ್ರೇ" ಎಂದಳು ಚಿಕ್ಕಮ್ಮ, ಮೆಲ್ಲಗೆ. "ಆದ್ರೆ ನೀವೂ ಅದೇ ಮೇಜಿಗೆ ಕೂತು ಉಣ್ತೀರಲ್ಲ."

ಯಜಮಾನಿ ಬಾವಿಕಟ್ಟೆಯ ಮೇಲೆ ಕುಸಿದು ಕೂತಳು.

"ಅವಳಿಗೆ ವಯಸ್ಸಾಯ್ತು, ಕೈ ತಪ್ತಿದೆ ಅಂದ್ಕೊಂಡೆ" ಎಂದಳು. "ಕೇಳಿದ್ರೆ ನೊಂದ್ಕೋತಾಳೆ ಅಂತ ನಾನೂ ನುಂಗ್ಕೊಂಡೆ. ಕಳಿಸೋದಾದ್ರೆ ಮೊದ್ಲು ನನ್ನನ್ನೇ ಕಳಿಸ್ಬೇಕು." ಆಮೇಲೆ ಉದ್ದಣ್ಣನತ್ತ ಕೈ ಬೀಸಿದಳು. "ಬಾರೋ ಈಚೆಗೆ. ಅಲ್ಲೇನು ಕಂಬದ ಹಾಗೆ ನಿಂತಿದೀಯ?"

ಕೆಲಸ ಉಳಿಯಿತು ಎಂದು ಅಡುಗೆಯಕ್ಕನಿಗೆ ಅರ್ಥವಾಯಿತು. ಆದರೂ ಅವಳಿಗೆ ಸಮಾಧಾನವಾಗಲಿಲ್ಲ, ಉರಿದುಹೋಯಿತು. ಇಷ್ಟು ದಿನ ತಾನು ಇವರಿಗೆಲ್ಲ ಉಣಿಸುತ್ತಿದ್ದೇನೆ ಎಂದು ಬೀಗಿದ್ದಳು. ತನ್ನನ್ನು ಸಾಕುತ್ತಿದ್ದವರು ಅವರು. ಅವರ ಪ್ರೀತಿ, ತನ್ನ ಭಯ, ಎರಡೂ ಸೇರಿ ಇವತ್ತು ಈ ಮನೆಯನ್ನು ಸುಟ್ಟು ಬೂದಿ ಮಾಡಿಬಿಡುತ್ತಿದ್ದವು.

ಅವಳು ದಡದಡನೆ ಒಳಗೆ ಹೋದಳು. ತೆರೆದ ಕಿಟಕಿಗಳಿಂದ ಗ್ಯಾಸು ಆಗಲೇ ಹೊರಹೋಗಿತ್ತು. ಹಿಂದೆಯೇ ಎಲ್ಲರೂ ಬಂದು ಬಾಗಿಲಲ್ಲಿ ಗುಂಪುಗೂಡಿದರು. ಅವಳು ಮೊನ್ನೆಯೇ ಮಾಡಿಟ್ಟಿದ್ದ ತರಕಾರಿ ಸೂಪಿನ ಪಾತ್ರೆಯ ಮುಚ್ಚಳ ತೆಗೆದಳು. ಇವತ್ತಿನ ಮಧ್ಯಾಹ್ನಕ್ಕೆಂದು ಇಟ್ಟದ್ದು. ಒಂದು ಸೌಟು ಬಟ್ಟಲಿಗೆ ಹಾಕಿ ಉದ್ದಣ್ಣನ ಕೈಗೆ ಕೊಟ್ಟಳು.

"ಹೇಳು. ಹೇಗಿದೆ?"

ಅವನು ಬಾಯಿಗಿಟ್ಟುಕೊಂಡ. ಅಭ್ಯಾಸಬಲದಿಂದ ತಲೆಯಾಡಿಸಹೊರಟವನು ಅವಳ ಕಣ್ಣು ನೋಡಿ ತಡೆದ.

"ಹಳಸಿದೆ ಅಕ್ಕ" ಎಂದ.

ಅಡುಗೆಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾತ್ರೆಯನ್ನೆತ್ತಿ ಅಷ್ಟನ್ನೂ ಮೋರಿಗೆ ಸುರಿದಳು.

"ಇಲ್ಲೇ ನನ್ನ ಪಕ್ಕ ನಿಂತ್ಕೋ" ಎಂದಳು. "ಈರುಳ್ಳಿ ಹೆಚ್ತೀನಿ."