ಪಕ್ಕದ ಸೀಟಿನ ಬಾಗಿಲು

ನನ್ನ ಗಂಡನ ಎತ್ತರ ಏಳು ಸೆಂಟಿಮೀಟರ್. ನಮ್ಮ ಮನೆಯ ಫ್ರಿಜ್ಜು ನನ್ನ ಹೆಬ್ಬೆರಳಿಗಿಂತ ಕೊಂಚ ಉದ್ದ, ಅಷ್ಟೇ. ಹದಿಮೂರು ವರ್ಷದಿಂದ ಅಸಲಿಯ ಇಪ್ಪತ್ತನಾಲ್ಕನೇ ಒಂದು ಪಾಲಿನ ಪುಟ್ಟ ಕಾರುಗಳನ್ನು ಕಟ್ಟುತ್ತ ಕಟ್ಟುತ್ತ, ಕಣ್ಣಿಗೆ ಬಿದ್ದದ್ದನ್ನೆಲ್ಲ ಇಪ್ಪತ್ತನಾಲ್ಕರಿಂದ ಭಾಗಿಸುವ ಚಟ ನನಗೆ ಅಂಟಿಕೊಂಡುಬಿಟ್ಟಿದೆ. ಗಂಡ ಇದನ್ನು ನಕ್ಕು ಸಹಿಸುತ್ತಾನೆ. ಅಕ್ಕ ಮಾತ್ರ ಇದೊಂದು ಕಾಯಿಲೆ ಎಂದೇ ಹೇಳುತ್ತ ಬಂದಿದ್ದಾಳೆ.

ಹೊಟ್ಟೆಪಾಡಿಗೆ ನಾನು ಹಲ್ಲು ಮಾಡುತ್ತೇನೆ. ದಂತವೈದ್ಯರು ಕಳಿಸುವ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಅಲ್ಲಿ ಬಳಸುವಂಥದೇ ಸಣ್ಣ ಅರಗಳು, ಚಿಮುಟಗಳು, ಕೂದಲೆಳೆಯ ಕುಂಚಗಳು ಮನೆಯ ಮೇಜಿನ ಮೇಲೂ ಇವೆ. ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಮೇಜಿನ ಮೇಲೆ ನನ್ನ ಜನ್ಮದ ಅತ್ಯುತ್ತಮ ಕೆಲಸ ಫಳಫಳ ಹೊಳೆಯುತ್ತ ನಿಂತಿತ್ತು: ಹಳದಿ ಬಣ್ಣದ ಒಂದು ಹಳೇ ಕಾರು, ಅಂಗೈಗಿಂತ ಸ್ವಲ್ಪ ಉದ್ದ.

ಅದು ನಾನು ಕಲಿತ ಡ್ರೈವಿಂಗ್ ಸ್ಕೂಲಿನ ಕಾರಿನ ಪಡಿಯಚ್ಚು. ಇಪ್ಪತ್ತಾರು ವರ್ಷ ಮೇಡಂ ಆ ಒಂದೇ ಕಾರಿನಲ್ಲಿ ಊರಿಗೆಲ್ಲ ಡ್ರೈವಿಂಗ್ ಕಲಿಸಿದರು. ಈಗ ಅವರ ಬಲಮಂಡಿ ಸವೆದುಹೋಗಿ, ಮುಂದಿನ ವಾರ ಆಪರೇಷನ್. ಸ್ಕೂಲು ಮುಚ್ಚಿದೆ. ಕಾರು ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿದೆ. ಸೋಮವಾರ ಗುಜರಿಯವರು ಬಂದು ಎಳೆದುಕೊಂಡು ಹೋಗುತ್ತಾರೆ. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಆ ಭಾನುವಾರವೇ ಸಂಜೆ ನಾಲ್ಕಕ್ಕೆ ಒಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದೆವು. ಉಡುಗೊರೆಯ ಹೊಣೆಯನ್ನು ನಾನೇ ಮೇಲೆ ಬಿದ್ದು ಹೊತ್ತುಕೊಂಡಿದ್ದೆ.

ಯಾಕೆಂದರೆ ನಾನು ಪುಕ್ಕಲಿ. ಈಗಲ್ಲ, ಆಗ. ಸ್ಟೀರಿಂಗ್ ಹಿಡಿದರೆ ಅಂಗೈ ಬೆವರಿ ಜಾರುತ್ತಿತ್ತು. ಕಲಿಯುತ್ತಿದ್ದ ಎರಡನೇ ವಾರ, ಒಂದು ತಿರುವಿನಲ್ಲಿ ಚೆಂಡಿನ ಹಿಂದೆ ಒಂದು ಮಗು ರಸ್ತೆಗೆ ನುಗ್ಗಿಬಿಟ್ಟಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಕಾರು ನಿಂತಿತ್ತು, ಮಗುವಿಗೂ ಬಂಪರಿಗೂ ನಡುವೆ ಒಂದು ಗೇಣು. ಮೇಡಂ ಪಕ್ಕದ ಸೀಟಿನಲ್ಲಿ ಆರಾಮಾಗಿ ಕೂತು ಹೇಳಿದ್ದು ಒಂದೇ ಮಾತು: "ಭೇಷ್! ನಿಲ್ಲಿಸಿಬಿಟ್ಟೆ ನೋಡು." ಆವತ್ತಿನಿಂದ ನನ್ನ ಹೆದರಿಕೆ ಓಡಿಹೋಯಿತು. ಬರೀ ಕಾರಿನ ಹೆದರಿಕೆಯಲ್ಲ. ಲ್ಯಾಬಿನ ಕೆಲಸಕ್ಕೆ ಅರ್ಜಿ ಹಾಕಿದ್ದೂ, ಮೆಚ್ಚಿದವನಿಗೆ ಮೆಚ್ಚಿದೆ ಎಂದು ಹೇಳಿದ್ದೂ ಆ ಒಂದು ಗೇಣಿನ ಧೈರ್ಯದಿಂದಲೇ. ಅಷ್ಟು ಕೊಟ್ಟವರಿಗೆ ನಾನು ಕೊಡಬೇಕೆಂದಿದ್ದು ಒಂದೇ. ಈ ಕಾರನ್ನು ಕೈಗೆತ್ತಿಕೊಂಡ ಕೂಡಲೇ ಅವರು "ನನ್ನ ಕಾರು!" ಅನ್ನಬೇಕು. "ಚೆನ್ನಾಗಿದೆ" ಅಂದರೆ ನಾನು ಸೋತಂತೆ.

ಅಕ್ಕ ಬಂದಳು. ಅವಳೂ ಮೇಡಂ ಶಿಷ್ಯೆಯೇ, ಈಗ ಶಾಲಾ ವ್ಯಾನು ಓಡಿಸುತ್ತಾಳೆ. ನಾನು ಕಾರನ್ನು ಮುಂದಿಟ್ಟು, ಡ್ರೈವರ್ ಬಾಗಿಲನ್ನು ಚಿಮುಟದಲ್ಲಿ ತೆರೆದು ತೋರಿಸಿದೆ. ಸ್ಟೀರಿಂಗಿನ ಮೇಲೆ ಸುತ್ತಿದ್ದ ದಾರ, ಹರಿದ ಸೀಟಿಗೆ ಹಾಕಿದ ತೇಪೆ, ಮೂರು ಪೆಡಲ್ಲು, ಎಲ್ಲ ಇದ್ದವು.

ಅಕ್ಕ ಬಗ್ಗಿ ನೋಡಿದಳು. ಬಾಯಿ ತೆರೆದಳು. ನಾನಾಗಲೇ ಹೊಗಳಿಕೆಗೆ ಉಬ್ಬಿ ತಯಾರಾಗಿದ್ದೆ.

"ಆ ಕಡೆ ಬಾಗಿಲು ಯಾಕೇ ತೆಗೆಯಲ್ಲ?"

"ಬಿಡಿಭಾಗದ ಕಿಟ್ಟಲ್ಲಿ ಎರಡು ಬಾಗಿಲೂ ಮುಚ್ಚೇ ಬರತ್ತೆ. ನಾನು ಡ್ರೈವರ್ ಬಾಗಿಲು ಮಾತ್ರ ಕತ್ತರಿಸಿ ತೆಗೆದೆ. ಎಲ್ಲರೂ ನೋಡೋದು ಡ್ರೈವರ್ ಕಡೆನೇ ಅಲ್ವಾ?"

"ಎಲ್ಲರ ಮನೆ ಹಾಳಾಗ್ಲಿ. ಮೇಡಂ ಯಾವ ಕಡೆ ಕೂತಿರ್ತಿದ್ರು?"

ಇಪ್ಪತ್ತಾರು ವರ್ಷ ಆ ಹೆಂಗಸು ಕೂತಿದ್ದು ಪಕ್ಕದ ಸೀಟಿನಲ್ಲಿ! ಶೆಡ್ಡಿಗೆ ಹೋಗಿ ನಾನು ತೆಗೆದುಕೊಂಡು ಬಂದಿದ್ದ ನಲವತ್ತು ಫೋಟೋದಲ್ಲಿ ಒಂದೂ ಆ ಕಡೆಯದಲ್ಲ. ನಾಲ್ಕು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಮಾಡಿದ ಕಾರಿನಲ್ಲಿ ಮೇಡಂಗೆ ಒಳಗೆ ಹೋಗಲು ಬಾಗಿಲೇ ಇರಲಿಲ್ಲ.

"ಬೀಗದಕೈ ತಗೋ ಅಕ್ಕಾ," ಎಂದೆ. "ನಡಿ, ಶೆಡ್ಡಿಗೆ!"

ಅಕ್ಕ ವ್ಯಾನು ಓಡಿಸಿದ ರೀತಿಯನ್ನು ಅದರಲ್ಲಿ ಶಾಲೆಗೆ ಹೋಗುವ ಮಕ್ಕಳ ಅಪ್ಪ ಅಮ್ಮಂದಿರು ನೋಡಬಾರದು. ಶೆಡ್ಡಿನ ಮೂಲೆಯಲ್ಲಿ ಹಳದಿ ಕಾರು ಧೂಳು ಹೊದ್ದು ನಿಂತಿತ್ತು. ಪಕ್ಕದ ಬಾಗಿಲನ್ನು ಮೆಕ್ಯಾನಿಕ್ ಅಣ್ಣನೇ ಎಳೆದು ತೆರೆದುಕೊಟ್ಟ. ನಾನು ಮೊಬೈಲಿನ ಬೆಳಕು ಬಿಟ್ಟು ಕೆಳಗೆ ನೋಡಿದೆ. ಅಲ್ಲಿ ಕಲಿಸುವವರಿಗೆಂದೇ ಕೂರಿಸಿದ ಒಂದು ಬ್ರೇಕು, ಒಂದು ಕ್ಲಚ್ಚು. ಬ್ರೇಕಿನ ರಬ್ಬರು ಸವೆದು ಸವೆದು, ನಡುವೆ ಕಬ್ಬಿಣ ಬೆಳ್ಳಗೆ ಮಿರಿಮಿರಿ ಮಿಂಚುತ್ತಿತ್ತು. ಡ್ರೈವರ್ ಕಡೆ ಹೋಗಿ ನೋಡಿದೆ. ಅಲ್ಲಿನ ಬ್ರೇಕಿನ ರಬ್ಬರಿನ ಮೇಲೆ ಕಂಪನಿಯ ಅಚ್ಚುಗೆರೆಗಳು ಸವೆಯದೆ ಹಾಗೇ ಇದ್ದವು.

"ಏನಣ್ಣಾ ಇದು, ಉಲ್ಟಾ?"

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ನಕ್ಕ. "ಉಲ್ಟಾ ಏನಿಲ್ಲ. ಮೇಡಂ ಕಡೆ ರಬ್ಬರ್ ನಾನೇ ಮೂರು ಸಲ ಹೊಸದು ಹಾಕಿದೀನಿ, ಇದು ನಾಲ್ಕನೇದು. ಆ ಕಡೇದು ಕಂಪನಿಯಿಂದ ಬಂದಾಗ ಇದ್ದದ್ದೇ ಇದೆ. ನೀವೆಲ್ಲ ಎಲ್ಲಿ ಬ್ರೇಕ್ ಹಾಕ್ತಿದ್ರಿ ಹೇಳಿ?"

ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆ ತಿರುವು, ಆ ಚೆಂಡು, ಆ ಒಂದು ಗೇಣು ಎಲ್ಲ ಒಮ್ಮೆಲೇ ನೆನಪಾಯಿತು. ಕಣ್ಣು ಮುಚ್ಚಿದ್ದವಳು ಬ್ರೇಕು ಹೇಗೆ ಹಾಕಿಯಾಳು? ಹತ್ತೊಂಬತ್ತು ವರ್ಷದಲ್ಲಿ ನನಗೆ ಈ ಪ್ರಶ್ನೆ ಒಮ್ಮೆಯೂ ಹುಟ್ಟಿರಲಿಲ್ಲ. ಅಳು ಬಂತು, ಜೊತೆಗೇ ನಗು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಕೈ ತುರಿಸತೊಡಗಿತು. ಈ ಪೆಡಲನ್ನು ನಾನು ಮಾಡಲೇಬೇಕು, ಮೇಡಂ ಅದನ್ನು ನೋಡಲೇಬೇಕು!

ಮನೆಗೆ ಬಂದಾಗ ಹನ್ನೊಂದೂವರೆ. ಬಣ್ಣ ಬಳಿದು, ಮೆರುಗು ಹಚ್ಚಿ, ಉಜ್ಜಿ ಮುಗಿಸಿದ ಕಾರಿಗೆ ಮತ್ತೆ ಬ್ಲೇಡು ಹಾಕುವುದೆಂದರೆ, ಮದುಮಗಳನ್ನು ಸಿಂಗರಿಸಿ ಕೂರಿಸಿದ ಮೇಲೆ ಕೂದಲು ಕತ್ತರಿಸಲು ಹೊರಟ ಹಾಗೆ. ಸ್ವಲ್ಪ ಜಾರಿದರೆ ಬಣ್ಣದ ಮೇಲೆ ಗೀರು, ಹೆಚ್ಚು ಒತ್ತಿದರೆ ಬಾಗಿಲ ಪಕ್ಕದ ಇಡೀ ಕಂಬ ಲಟಕ್. ಎರಡಕ್ಕೂ ರಿಪೇರಿ ಇಲ್ಲ. ಬಣ್ಣ ಒಣಗಲು ಎರಡು ದಿನ ಬೇಕು, ನನ್ನ ಹತ್ತಿರ ಇದ್ದದ್ದು ನಾಲ್ಕೂವರೆ ಗಂಟೆ.

ಬಾಗಿಲಿನ ಗೆರೆಯ ಸುತ್ತ ಟೇಪು ಅಂಟಿಸಿದೆ. ಬ್ಲೇಡಿನ ಬೆನ್ನನ್ನು ಗೆರೆಯೊಳಗಿಟ್ಟು ಮೆಲ್ಲಗೆ ಎಳೆದೆ. ಒಂದು. ಎರಡು. ಒತ್ತಬಾರದು, ಬರೀ ಎಳೆಯಬೇಕು. ಐವತ್ತನೇ ಸಲಕ್ಕೆ ಒಂದು ಕೂದಲಿನಷ್ಟು ಆಳ. ಅಕ್ಕ ಉಸಿರು ಬಿಗಿಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಉಸಿರಾಡೇ ಅಕ್ಕಾ, ನೀನು ಬಿದ್ರೆ ಹಿಡಿಯೋಕೆ ನನ್ನ ಕೈ ಖಾಲಿ ಇಲ್ಲ."

"ನೀನು ಬಾಯಿ ಮುಚ್ಕೊಂಡು ಕೆಲಸ ನೋಡು!"

ಒಂದೂಕಾಲಿಗೆ 'ಟಿಕ್' ಎಂದಿತು. ಕಂಬವೇ ಹೋಯಿತು ಅಂದುಕೊಂಡೆ. ಆಮೇಲೆ ನೋಡಿದರೆ ಬಾಗಿಲು ಇಡಿಯಾಗಿ, ಅಂಚು ಮುಕ್ಕಾಗದೆ, ನನ್ನ ಅಂಗೈಯಲ್ಲಿ! ನಾವಿಬ್ಬರೂ ಕಿರುಚಿದ ರಭಸಕ್ಕೆ ಗಂಡ ಒಳಗಿನಿಂದ ಓಡಿ ಬಂದು, ಬಾಗಿಲು ನೋಡಿ, ತಲೆ ಚಚ್ಚಿಕೊಂಡು ವಾಪಸು ಹೋದ.

ಸಣ್ಣ ತಂತಿ ಬಗ್ಗಿಸಿ ಕೀಲು ಮಾಡಿದೆ. ಮಾತ್ರೆಯ ಪಟ್ಟಿಯ ಹಿಂದಿನ ಬೆಳ್ಳಿಹಾಳೆಯನ್ನು ಎರಡು ಮಡಿಕೆ ಮಾಡಿ ಒಂದು ಎಳ್ಳಿನಷ್ಟು ಚೂರು ಕತ್ತರಿಸಿದೆ, ಅದೇ ಬ್ರೇಕು. ಮೇಲೆ ಕಪ್ಪು ಬಳಿದು, ಬಣ್ಣ ಹಸಿಯಿರುವಾಗಲೇ ಹಲ್ಲುಕಡ್ಡಿಯಿಂದ ನಡುವೆ ಕೆರೆದೆ. ಬೆಳ್ಳಗಿನ ಲೋಹ ಇಣುಕಿತು. ಶೆಡ್ಡಿನಲ್ಲಿ ಕಂಡದ್ದೇ! ಚಿಮುಟದಲ್ಲಿ ಎತ್ತಿದೆ. ಪಿಣ್ ಎಂದು ಹಾರಿ ಎಲ್ಲೋ ಹೋಯಿತು.

"ಯಾರೂ ಅಲ್ಲಾಡ್ಬೇಡಿ!" ಎಂದು ಕೂಗಿದೆ. ಅಲ್ಲಿದ್ದದ್ದು ಅಕ್ಕ ಒಬ್ಬಳೇ. ಇಬ್ಬರೂ ಅಂಬೆಗಾಲಿಟ್ಟೆವು. ಟಾರ್ಚನ್ನು ನೆಲಕ್ಕೆ ಮಲಗಿಸಿ ಬೆಳಕು ಹಾಯಿಸಿದರೆ ಧೂಳಿನ ಕಣಕ್ಕೂ ಉದ್ದನೆ ನೆರಳು ಬೀಳುತ್ತದೆ. ಕಳೆದದ್ದು ಸಿಗುವುದು ಹಾಗೆಯೇ. ಬ್ರೆಡ್ಡಿನ ಚೂರು ಸಿಕ್ಕಿತು, ಒಂದು ಗುಂಡಿ ಸಿಕ್ಕಿತು, ಕಳೆದ ವರ್ಷ ಕಳೆದುಹೋದ, ಬೇರೊಂದು ಪುಟ್ಟ ಕಾರಿನ ಕನ್ನಡಿಯೂ ಸಿಕ್ಕಿತು. ಇಪ್ಪತ್ತು ನಿಮಿಷದ ಮೇಲೆ ಬ್ರೇಕು ಸಿಕ್ಕಿದ್ದು ಅಕ್ಕನ ಮೊಣಕೈಯಲ್ಲಿ, ಬೆವರಿಗೆ ಅಂಟಿಕೊಂಡು. ಅದನ್ನು ಅಂಟಿಸಿ, ಬಾಗಿಲು ಕೂರಿಸಿ, ಟೇಪು ಬಿಚ್ಚಿದಾಗ ಮೂರೂ ಮುಕ್ಕಾಲು. ಬಣ್ಣದ ಮೇಲೆ ಒಂದೇ ಒಂದು ಗೀರಿರಲಿಲ್ಲ.

ಬೀಳ್ಕೊಡುಗೆಯ ಸಭಾಂಗಣದಲ್ಲಿ ನೂರು ಜನ. ಮೇಡಂ ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದರು. ನಾನು ಪೆಟ್ಟಿಗೆ ತೆರೆದು ಕಾರನ್ನು ಅವರ ಕೈಗಿಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿದರು. ಡ್ರೈವರ್ ಬಾಗಿಲು ನೋಡಿ "ಚೆನ್ನಾಗಿದೆ ಕಣೇ" ಎಂದರು. ಅಲ್ಲಿಗೆ ನಾನು ಸೋತೆ. ಅಷ್ಟರಲ್ಲಿ, ಅಭ್ಯಾಸವೇನೋ, ಅವರ ಉಗುರು ತಾನಾಗಿ ಪಕ್ಕದ ಬಾಗಿಲಿಗೆ ಹೋಯಿತು. ಬಾಗಿಲು ತೆರೆಯಿತು. ಮೇಡಂ ಕನ್ನಡಕ ಹುಡುಕಿ ಹಾಕಿಕೊಂಡರು. ಕಾರನ್ನು ಮೂಗಿನ ಹತ್ತಿರ ಹಿಡಿದು ಆ ಎಳ್ಳಿನಷ್ಟು ಬ್ರೇಕನ್ನು ತುಂಬ ಹೊತ್ತು ನೋಡಿದರು.

"ಅಯ್ಯೋ, ನನ್ನ ಕಾರು!"

ನನಗೆ ಕುಣಿಯಬೇಕೆನಿಸಿತು. ಅವರು ದನಿ ತಗ್ಗಿಸಿದರು. "ಯಾರೇ ನಿಂಗೆ ಇದನ್ನೆಲ್ಲ ನೋಡೋಕೆ ಹೇಳಿದ್ದು?"

"ಮೇಡಂ, ಆವತ್ತು ತಿರುವಿನಲ್ಲಿ ಒಂದು ಮಗು ಚೆಂಡಿನ ಹಿಂದೆ…"

"ನೀನೇ ನಿಲ್ಲಿಸಿದ್ದು," ಎಂದರು, ನನಗೆ ಮಾತು ಮುಗಿಸಲೂ ಬಿಡದೆ. ಮುಖದಲ್ಲಿ ಸುಳ್ಳಿನ ಸುಳಿವೂ ಇಲ್ಲ. "ನಂಗೆ ಚೆನ್ನಾಗಿ ನೆನಪಿದೆ."

ಆಗಲೇ ಅಕ್ಕ ಟೀ ತುಂಬಿದ ತಳ್ಳುಗಾಡಿಯನ್ನು ತಳ್ಳಿಕೊಂಡು ಜನರ ನಡುವೆ ನುಗ್ಗಿ ಬಂದಳು, ಅದೂ ವ್ಯಾನಿನದೇ ವೇಗದಲ್ಲಿ. ಗಾಡಿ ನೇರವಾಗಿ ನಮ್ಮ ಕಡೆಗೇ ಬರುತ್ತಿತ್ತು. ಮೇಡಂ ನನ್ನನ್ನೇ ನೋಡಿ ನಗುತ್ತಿದ್ದರು, ಆದರೆ ಕುರ್ಚಿಯ ಮುಂದೆ ಚಾಚಿದ್ದ ಆ ನೋವಿನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಗಾಡಿ ಅವರ ಮಂಡಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು.

"ನೋಡಿದ್ರಾ ಮೇಡಂ, ಹೇಗೆ ನಿಲ್ಲಿಸಿದೆ!" ಎಂದಳು ಅಕ್ಕ.

"ಭೇಷ್!" ಎಂದರು ಮೇಡಂ.