ಡ್ರೈವರ್ ಮತ್ತೆ ಮನೆಯೊಳಗೆ ಮಲಗಿದ

ಲಾರಿ ಡ್ರೈವರನ ಹೆಂಡತಿಯ ತುಟಿ ಒಡೆದು ಊದಿಕೊಂಡಿತ್ತು. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದವರು ಮುಖ ಮುಖ ನೋಡಿಕೊಂಡರು.

"ಏನೇ, ಗಂಡ ಕೈ ಮಾಡಿದ್ನಾ?" ಎಂದು ಪಕ್ಕದ ಮನೆಯವಳು ಕೇಳಿಯೇಬಿಟ್ಟಳು.

"ಇಲ್ಲಕ್ಕ, ಬಾಗಿಲು ತಾಗ್ತು" ಎಂದು ಹೆಂಡತಿ ಕೊಡ ಎತ್ತಿಕೊಂಡು ಬಂದಳು.

ಕಿಟಕಿಯಲ್ಲಿದ್ದ ಡ್ರೈವರ್ ಆ ಮಾತು ಕೇಳಿ ತಲೆ ತಗ್ಗಿಸಿ ಒಳಕ್ಕೆ ಸರಿದ. ಅವನು ಎಂದೂ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಆದರೆ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟು ಲಾರಿ ಗೋಡೆಗೆ ಗುದ್ದಿದ ಮೇಲೆ ದಿನಾ ಅದೇ ಕನಸು. ಅಂದು ಯಾರ ಜೀವಕ್ಕೂ ಅಪಾಯವಾಗಿರಲಿಲ್ಲ. ಕನಸಿನಲ್ಲಿ ಮಾತ್ರ ಲಾರಿ ನಿಲ್ಲುತ್ತಲೇ ಇರಲಿಲ್ಲ. ಅವನು ನಿದ್ದೆಯಲ್ಲೇ ಚೀರಿಕೊಂಡು ಕೈಕಾಲು ಬಡಿಯುತ್ತಿದ್ದ. ಹಿಂದಿನ ರಾತ್ರಿ ಅವನ ಮೊಣಕೈ ಹೆಂಡತಿಯ ತುಟಿಗೆ ಬಡಿದಿತ್ತು.

ಅಂದಿನಿಂದ ಅವನು ಲಾರಿಯಲ್ಲೇ ಮಲಗತೊಡಗಿದ. ನಿದ್ದೆ ಬರಲೆಂದು ಕುಡಿದ. ಕನಸು ಇನ್ನೂ ಜೋರಾಯಿತು. ಹಗಲು ಸ್ಟಿಯರಿಂಗ್ ಹಿಡಿದರೆ ಕಣ್ಣು ಎಳೆಯುತ್ತಿತ್ತು.

ಹೆಂಡತಿಯ ತಂಗಿ ಆಸ್ಪತ್ರೆಯಲ್ಲಿ ನರ್ಸ್. ಅಕ್ಕನ ಮಾತು ಕೇಳಿ ಓಡಿಬಂದಳು.

"ಭಾವ, ನಾಳೆ ಆಸ್ಪತ್ರೆಗೆ ಬನ್ನಿ."

"ಕನಸಿಗೆಲ್ಲ ಯಾರಮ್ಮ ಔಷಧಿ ಕೊಡ್ತಾರೆ? ಹುಚ್ಚ ಅಂತ ಹಣೆಪಟ್ಟಿ ಕಟ್ತಾರೆ ಅಷ್ಟೆ."

"ಲಾರಿ ಕೆಟ್ರೆ ಮೆಕ್ಯಾನಿಕ್ ಹತ್ರ ಹೋಗೋಕೆ ನಾಚಿಕೆ ಪಡ್ತೀರಾ? ಹೀಗೆ ತೂಕಡಿಸ್ತಾ ಓಡಿಸಿದ್ರೆ, ಕನಸಲ್ಲಿ ಆಗೋದು ರಸ್ತೆಲೂ ಆಗುತ್ತೆ."

ಆ ಮಾತು ಅವನಿಗೆ ನಾಟಿತು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡರು. "ಇದು ಹುಚ್ಚಲ್ಲ. ಹೆದರಿದ ಮನಸ್ಸು ಹೀಗೆ ಮಾಡುತ್ತೆ, ವಾಸಿ ಆಗುತ್ತೆ. ಕುಡಿತ ಬಿಡೋಕೆ ನಾವು ಸಹಾಯ ಮಾಡ್ತೀವಿ. ನಿದ್ದೆ ಸರಿಹೋಗೋವರೆಗೆ ಲಾರಿ ಓಡಿಸಬೇಡಿ. ಈಗ ಹೇಳಿ, ಆ ಕನಸಿನ ಕೊನೆ ಬದಲಾಯಿಸೋದಾದ್ರೆ ಏನ್ಮಾಡ್ತೀರಿ?"

ಡ್ರೈವರ್ ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿದ.

"ಅಡ್ಡಕ್ಕೆ ಹತ್ತಿ ಮೂಟೆ ರಾಶಿ ಹಾಕಿಸಿ" ಎಂದಳು ಹೆಂಡತಿ.

"ಲೋಡ್ ಲಾರಿನ ಹತ್ತಿ ಮೂಟೆ ತಡೆಯುತ್ತಾ? ಇಳಿಜಾರು ಮುಗಿಯೋ ಕಡೆ ಒಂದು ಏರು ಇಡ್ತೀನಿ. ಲಾರಿ ತಾನಾಗೇ ಸುಸ್ತಾಗಿ ನಿಲ್ಲುತ್ತೆ. ಇಳಿದು ಚಕ್ರಕ್ಕೆ ಕಲ್ಲು ಕೊಡ್ತೀನಿ."

"ಭೇಷ್! ದಿನಾ ಹಗಲು ಸ್ವಲ್ಪ ಹೊತ್ತು ಕಣ್ಮುಚ್ಚಿ ಇದನ್ನೇ ನೋಡ್ತಾ ಬನ್ನಿ" ಎಂದರು ಡಾಕ್ಟರಮ್ಮ.

ಲಾರಿ ಮಾಲೀಕರು ಅವನನ್ನು ಅಷ್ಟು ದಿನ ಗೋದಾಮಿನ ಕೆಲಸಕ್ಕೆ ಹಾಕಿದರು. ಊಟದ ಬಿಡುವಿನಲ್ಲಿ ಅವನು ಕಣ್ಮುಚ್ಚಿ ಮನಸ್ಸಿನಲ್ಲೇ ಲಾರಿಯನ್ನು ಏರು ಹತ್ತಿಸುತ್ತಿದ್ದ. ಮೊದಮೊದಲು ಏನೂ ಆಗಲಿಲ್ಲ. ಆಮೇಲಾಮೇಲೆ ಕುಡಿತ ಬಿಟ್ಟಿತು, ಕನಸು ಅಪರೂಪವಾಯಿತು. ಹಾಸಿಗೆ ಮನೆಯೊಳಕ್ಕೆ ಬಂತು.

ಒಂದು ಬೆಳಿಗ್ಗೆ ಮುಖಕ್ಕೆ ಬಿಸಿಲು ಬಿದ್ದರೂ ಅವನು ಏಳಲಿಲ್ಲ. ಹೆಂಡತಿ ಅಲುಗಾಡಿಸಿದರೆ, "ಇನ್ನೊಂದು ಗಳಿಗೆ ಬಿಡೇ" ಎಂದು ಮಗ್ಗುಲು ಬದಲಿಸಿದ. ಅವಳು ನಗುತ್ತಾ ಕಣ್ಣೊರೆಸಿಕೊಂಡು ಕಿಟಕಿ ಪರದೆ ಎಳೆದಳು.

ಬಂಧುಗಳೇ, ನಿಮ್ಮ ಮನೆಯಲ್ಲೂ ಯಾರಾದರೂ ಕೆಟ್ಟ ಕನಸಿಗೆ ಹೆದರಿ ಮಲಗಲು ಹಿಂಜರಿಯುತ್ತಿದ್ದಾರೆಯೇ? ಮುಚ್ಚಿಡಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಪುಟ್ಟ ಮಕ್ಕಳು ನಿದ್ದೆಯಲ್ಲೇ ಕಿರುಚಿದರೆ ಗದರಬೇಡಿ, ಜಗ್ಗಿ ಎಬ್ಬಿಸಬೇಡಿ. ಪೆಟ್ಟಾಗದಂತೆ ಪಕ್ಕದಲ್ಲಿರಿ, ತಾವಾಗಿ ಸುಮ್ಮನಾಗುತ್ತಾರೆ. ಪದೇ ಪದೇ ಆದರೆ ವೈದ್ಯರಿಗೆ ತೋರಿಸಿ. ನೆಮ್ಮದಿಯ ನಿದ್ದೆ ಎಲ್ಲರ ಹಕ್ಕು. ನಾಚಿಕೆ ಬಿಟ್ಟು ಸಹಾಯ ಕೇಳಿ, ಸಿಗುತ್ತದೆ.